ತೊಳೆದು ತಂದ ಸ್ಪಾರ್ಕ್ ಪ್ಲಗ್ಗುಗಳು

ಆ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು ನನ್ನ ಬೆಂಚಿಗೆ ಬಂದಾಗ ಅವುಗಳ ಮೇಲೆ ಕುಂಕುಮವಿತ್ತು. ಒಂದರ ಪಿಂಗಾಣಿಗೆ ಅಕ್ಷತೆಯ ಕಾಳು ಅಂಟಿಕೊಂಡಿತ್ತು. ಕಾರಿನ ಮಾಲೀಕರು ಅವನ್ನು ಪೇಪರ್ ಟವೆಲ್ಲಿನಲ್ಲಿ ಸುತ್ತಿ, ಸಿಹಿತಿಂಡಿಯ ಡಬ್ಬಿಯಲ್ಲಿಟ್ಟು ತಂದಿದ್ದರು. ಡಬ್ಬಿಯ ಇನ್ನೊಂದು ಮೂಲೆಯಲ್ಲಿ ಮೈಸೂರ್ ಪಾಕ್ ಇತ್ತು.

"ಆಯುಧ ಪೂಜೆ ಆಯ್ತಲ್ಲ ಗುರುವೇ, ಪ್ರಸಾದ ತಗೊಳ್ಳಿ," ಎಂದರು. "ಪ್ಲಗ್ಸ್ ನೋಡಿ, ಹೆಂಗೆ ಹೊಳೀತಿವೆ!"

ಹೊಳೆಯುತ್ತಿದ್ದವು. ವೈರ್ ಬ್ರಷ್ಷಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿದ್ದರು. ಅದರ ಹಿಂದಿನ ವಾರವಷ್ಟೇ ನಾನು ಫೋನಿನಲ್ಲಿ ಅವರಿಗೆ ಹೇಳಿದ್ದು ಒಂದೇ ಮಾತು: "ಪ್ಲಗ್ ಬಿಚ್ಚಬ್ಯಾಡ್ರಿ, ಏನೂ ಮುಟ್ಟಬ್ಯಾಡ್ರಿ. ಗಾಡಿ ಹಂಗ ತಂದು ನನ್ನ ಮುಂದ ನಿಲ್ಲಸ್ರಿ."

ಸ್ಪಾರ್ಕ್ ಪ್ಲಗ್ಗು ಕಿಡಿ ಕೊಡುವ ಸಾಧನವೆಂದು ಎಲ್ಲರಿಗೂ ಗೊತ್ತು. ಅದು ಸಾಕ್ಷಿಯೂ ಹೌದು. ಎಂಜಿನ್ನಿನೊಳಗೆ ಏನು ನಡೆಯಿತೆಂಬುದು ಅದರ ಮೂತಿಯ ಬಿಳಿ ಪಿಂಗಾಣಿಯ ಮೇಲೆ ಉಳಿದಿರುತ್ತದೆ. ತಿಳಿಗಂದು ಬಣ್ಣವಿದ್ದರೆ ಶಾಖ ಸರಿಯಾಗಿದೆ. ಒಣ ಮಸಿ ಕಟ್ಟಿದ್ದರೆ ಪ್ಲಗ್ಗು ಬೇಕಾದಷ್ಟು ಬಿಸಿಯಾಗುತ್ತಿಲ್ಲ. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಮಿತಿ ಮೀರಿ ಬಿಸಿಯಾಗುತ್ತಿದೆ. ಮೆಣಸಿನ ಪುಡಿ ಚಿಮುಕಿಸಿದಂತೆ ಕಪ್ಪು ಚುಕ್ಕೆಗಳಿದ್ದು, ಅವುಗಳ ನಡುವೆ ಅಲ್ಯೂಮಿನಿಯಮ್ಮಿನ ಕಣಗಳು ಮಿನುಗುತ್ತಿದ್ದರೆ, ಪಿಸ್ಟನ್ನು ಸವೆದು ಹಾರಲು ಶುರುವಾಗಿದೆ ಎಂದರ್ಥ. ಇವಿಷ್ಟನ್ನೂ ಅವರು ಉಜ್ಜಿ ತೆಗೆದು, ಆ ಜಾಗದಲ್ಲಿ ಕುಂಕುಮ ಇಟ್ಟಿದ್ದರು.

ಪೂಜೆಯ ಬಗ್ಗೆ ನನಗೆ ತಕರಾರಿಲ್ಲ. ನನ್ನ ಪಾನಾ, ಇಕ್ಕಳಗಳಿಗೂ ನಾನು ಪೂಜೆ ಮಾಡುತ್ತೇನೆ. ಆದರೆ ಇವರ ಭಕ್ತಿ ಎಂಜಿನ್ನಿನ ಮೇಲಿರಲಿಲ್ಲ. ಬಾನೆಟ್ ತೆರೆದಾಗ ಸುತ್ತ ನಿಂತು ನೋಡುವವರ ಮೇಲಿತ್ತು.

ನಾನು ಆಗ ಅಮೆರಿಕದ ಯೂನಿಯನ್ ಸಿಟಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿದ್ದೆ. ಟರ್ಬೊ ಕಾರುಗಳ ಕಾಲ ಅದು. ಕಾರ್ಖಾನೆ ಕೊಟ್ಟ ಶಕ್ತಿ ಸಾಲದೆಂದು ಅದನ್ನು ಏರಿಸಿಕೊಂಡವರ ಕಾರುಗಳು ಬದುಕಿ ಉಳಿಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಈ ಮಾಲೀಕರು ಮೆನ್ಲೋ ಪಾರ್ಕಿನ ಒಂದು ಕಂಪನಿಯಲ್ಲಿ ಎಂಜಿನಿಯರ್, ಬೆಂಗಳೂರಿನವರು, ಮನೆ ಸರಟೋಗಾದ ಗುಡ್ಡದ ಮೇಲೆ. ಅವರ ಹೆಂಡತಿ ಮೈಸೂರಿನವರು, ರೋಗಿಗಳ ಅಂಗಾಂಶ ಪರೀಕ್ಷಿಸುವ ಪೆಥಾಲಜಿಸ್ಟ್. ಆಸ್ಪತ್ರೆ ಇರುವುದು ಸಾಂಟಾ ಕ್ರೂಸಿನಲ್ಲಿ. ಅಲ್ಲಿಗೆ ಹೋಗಲು ಬೆಟ್ಟ ದಾಟುವ ಹದಿನೇಳನೇ ಹೆದ್ದಾರಿಯನ್ನೇ ಹಿಡಿಯಬೇಕು. ಆ ದಾರಿ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ: ಹೋಗುವ ಕಡೆಗೆ ಎರಡೇ ಲೇನು, ತಿರುವಿನ ಮೇಲೆ ತಿರುವು, ಎಡಕ್ಕೆ ಮೈಗೆ ತಾಗುವಂತೆ ಕಾಂಕ್ರೀಟ್ ಗೋಡೆ, ಬಲಕ್ಕೆ ಕಾರು ನಿಲ್ಲಿಸಲು ಜಾಗವಿಲ್ಲದ ಅಂಚು. ಅಲ್ಲಿ ಎಂಜಿನ್ನು ಕೈಕೊಟ್ಟರೆ ಹಿಂದಿನಿಂದ ಬರುವ ಲಾರಿಗೆ ನೀವೇ ಗೋಡೆ.

ಕಾರು ವಾರದ ದಿನಗಳಲ್ಲಿ ಆಕೆಯದು, ಶನಿವಾರ ಭಾನುವಾರ ಈತನದು. ಈತ ಅದರ ಬೂಸ್ಟನ್ನು, ಎಂದರೆ ಟರ್ಬೊ ಎಂಜಿನ್ನಿಗೆ ಗಾಳಿ ತುರುಕುವ ಒತ್ತಡವನ್ನು, ಏಳು ಪೌಂಡಿನಿಂದ ಹದಿನಾಲ್ಕಕ್ಕೆ ಏರಿಸಿದ್ದರು. ಅದಕ್ಕೆ ಬೇಕಾದದ್ದು ಒಂದು ರಬ್ಬರ್ ಕೊಳವೆಯ ನಡುವೆ ಹೆಬ್ಬೆರಳ ಗಾತ್ರದ ಒಂದು ತಿರುಪು. ತಿರುಗಿಸಿದರೆ ಒತ್ತಡ ಏರುತ್ತದೆ. ಅಷ್ಟೇ ವಿದ್ಯೆ. ಅದಾದ ಮೇಲೆ ಆಕೆ ಬೆಟ್ಟ ಹತ್ತುವಾಗ ಎಂಜಿನ್ನಿನಿಂದ ಒಂದು ಸದ್ದು ಕೇಳತೊಡಗಿತು. ಫೋನಿನಲ್ಲಿ ನನಗೆ ಅದನ್ನು ವಿವರಿಸಿದ್ದು ಆಕೆಯೇ. "ಕಾದ ಎಣ್ಣೆಗೆ ಸಾಸಿವೆ ಹಾಕಿದ್ರೆ ಸಿಡಿಯತ್ತಲ್ಲ, ಹಾಗೆ. ಏರು ಮುಗಿದ್ರೆ ನಿಂತೋಗತ್ತೆ." ನನ್ನ ವೃತ್ತಿಯಲ್ಲಿ ಆ ಸದ್ದನ್ನು ಇಷ್ಟು ಸರಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಪ್ಲಗ್ಗುಗಳನ್ನು ಕೈಯಲ್ಲಿ ಹಿಡಿದು ಅಂಕಿ ನೋಡಿದೆ. ಕಾರ್ಖಾನೆ ಹೇಳಿದ್ದಕ್ಕಿಂತ ಎರಡು ಮೆಟ್ಟಿಲು ಬಿಸಿಯಾದ ಪ್ಲಗ್ಗುಗಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಸಿ ಪ್ಲಗ್ಗು, ತಣ್ಣನೆಯ ಪ್ಲಗ್ಗು ಎಂದರೆ ಕಿಡಿಯ ಬಿಸಿಯಲ್ಲ. ಸುಡುವ ಅನಿಲದಿಂದ ಬಂದ ಶಾಖವನ್ನು ಪ್ಲಗ್ಗು ಎಷ್ಟು ಬೇಗ ಎಂಜಿನ್ನಿನ ಲೋಹಕ್ಕೆ ದಾಟಿಸುತ್ತದೆ ಎಂಬ ಲೆಕ್ಕ. ಮೂತಿಯ ಪಿಂಗಾಣಿ ಗಿಡ್ಡವಾಗಿದ್ದರೆ ಶಾಖ ಬೇಗ ಹೋಗುತ್ತದೆ. ಅದು ತಣ್ಣನೆಯ ಪ್ಲಗ್ಗು. ಉದ್ದವಾಗಿದ್ದರೆ ಶಾಖ ತುದಿಯಲ್ಲೇ ಉಳಿಯುತ್ತದೆ; ಅದು ಬಿಸಿ ಪ್ಲಗ್ಗು. ಗಿಡ್ಡ ಹಿಡಿಯ ಸೌಟು ಬೇಗ ಕೈ ಸುಡುತ್ತದೆ, ಉದ್ದ ಹಿಡಿಯದು ನಿಧಾನಕ್ಕೆ. ತುದಿ ಸಾಕಷ್ಟು ಬಿಸಿಯಾಗದಿದ್ದರೆ ಮಸಿ ಕಟ್ಟಿ ಕಿಡಿ ಸಾಯುತ್ತದೆ. ಅತಿ ಬಿಸಿಯಾದರೆ ಅದೇ ಕೆಂಡವಾಗಿ, ಕಿಡಿಗೆ ಮೊದಲೇ ಪೆಟ್ರೋಲನ್ನು ಹೊತ್ತಿಸುತ್ತದೆ. ಬೂಸ್ಟ್ ಏರಿಸಿದ ಎಂಜಿನ್ನಿಗೆ ಇನ್ನಷ್ಟು ತಣ್ಣನೆಯ ಪ್ಲಗ್ಗು ಬೇಕು. ಈತ ಹಾಕಿದ್ದು ಇನ್ನಷ್ಟು ಬಿಸಿಯಾದದ್ದು.

"ಇವನ್ನ ಯಾರ್ ಆರಿಸಿದ್ರು, ಸಾಹೇಬ್ರ?"

"ನಾವೇ. ಭಾನುವಾರ ಎಲ್ಲಾ ಸೇರಿದ್ವಲ್ಲ, ಡಿಸ್ಕಸ್ ಮಾಡಿದ್ವಿ. ನಂಬರು ಜಾಸ್ತಿ ಇದ್ರೆ ಕೂಲರ್ ಅಂತ ಚಾರ್ಟಲ್ಲೇ ಇತ್ತು."

"ಅದು ಜಪಾನಿ ಚಾರ್ಟು. ಇವು ಅಮೆರಿಕದ ಪ್ಲಗ್ಗು. ಇವುಗಳೊಳಗ ನಂಬರ್ ಏರಿದಷ್ಟೂ ಬಿಸಿ ಏರತದ."

ಅವರು ನಕ್ಕರು. ನಾಚಿಕೆಯ ನಗುವಲ್ಲ, ಪರಿಹಾರ ಸಿಕ್ಕಿತೆಂಬ ನಗು. "ಹಂಗಾದ್ರೆ ಪ್ಲಗ್ ಚೇಂಜ್ ಮಾಡಿ ಮುಗಿಸಿ ಗುರುವೇ! ಇಷ್ಟೇನಾ?"

ಆ ಭಾನುವಾರದ ಸಭೆಯನ್ನು ನಾನೂ ಒಮ್ಮೆ ಕಂಡಿದ್ದೆ. ಬಿಸಿಬೇಳೆಬಾತು ಮುಗಿದ ಮೇಲೆ ಹೆಂಗಸರು ಒಳಗೆ ಪಾತ್ರೆ ತೊಳೆಯುತ್ತಾರೆ; ಗಂಡಸರು ಡ್ರೈವ್‌ವೇಗೆ ಬಂದು, ತೆರೆದ ಬಾನೆಟ್ಟಿನ ಸುತ್ತ ಕೈಕಟ್ಟಿ ನಿಲ್ಲುತ್ತಾರೆ. ಒಬ್ಬರು ಕಂಪ್ಯೂಟರ್ ಚಿಪ್ಪಿನ ಎಂಜಿನಿಯರ್, ಒಬ್ಬರು ಹೃದಯದ ಡಾಕ್ಟರ್, ಒಬ್ಬರು ಯಾವುದೋ ರೇಡಾರಿನವರು. ಯಾರ ಉಗುರಿನಲ್ಲೂ ಗ್ರೀಸಿಲ್ಲ. ಅಲ್ಲಿ ಯಾರೂ "ನನಗೆ ಗೊತ್ತಿಲ್ಲ" ಎನ್ನುವುದಿಲ್ಲ. ಅದು ಆ ಸಭೆಯ ಏಕೈಕ ನಿಯಮ. ಹೃದಯದ ಡಾಕ್ಟರು ಟರ್ಬೊವನ್ನು ಹೃದಯಕ್ಕೆ ಹೋಲಿಸಿದರು, ರೇಡಾರಿನವರು ರೇಡಾರಿಗೆ. ಆ ಹೋಲಿಕೆಗಳ ನಡುವೆ ಒಂದು ಎಂಜಿನ್ನಿಗೆ ತಪ್ಪು ಪ್ಲಗ್ಗು ನಿಶ್ಚಯವಾಗಿತ್ತು, ಸಂಬಂಧ ನಿಶ್ಚಯವಾದ ಹಾಗೆ, ಎಲ್ಲರ ಸಮ್ಮತಿಯಿಂದ.

ನನ್ನ ತೊಡಕು ಬೇರೆಯೇ ಆಗಿತ್ತು. ಸಾಸಿವೆಯ ಸದ್ದಿಗೆ ಕಾರಣ ಎರಡಿರಬಹುದು: ಬಿಸಿ ಪ್ಲಗ್ಗು ಕೆಂಡವಾಗಿದ್ದು, ಅಥವಾ ಒತ್ತಡವೇ ಅತಿಯಾಗಿ ಮಿಶ್ರಣ ತಾನಾಗಿ ಸಿಡಿಯುತ್ತಿರುವುದು. ಮೊದಲನೆಯದಕ್ಕೆ ಪ್ಲಗ್ಗು ಬದಲಿಸಿದರೆ ಸಾಕು. ಎರಡನೆಯದಕ್ಕೆ ಪ್ರಪಂಚದ ಯಾವ ಪ್ಲಗ್ಗೂ ಮದ್ದಲ್ಲ. ಯಾವುದೆಂದು ಹೇಳಬಲ್ಲ ಗುರುತುಗಳು ತೊಳೆದುಹೋಗಿದ್ದವು. ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು.

ಪ್ಲಗ್ಗಿಲ್ಲದ ಕಾರನ್ನು ಶಾಪಿಗೆ ಎಳೆತರಿಸಿ, ಬೂಸ್ಟನ್ನು ಹತ್ತು ಪೌಂಡಿಗೆ ಇಳಿಸಿದೆ. ತಿರುಪಿನ ಮೇಲೂ ಅದರ ಮೈಮೇಲೂ ಸೇರುವಂತೆ ಹಳದಿ ಬಣ್ಣದ ಒಂದು ಗೆರೆ ಎಳೆದೆ. ತಿರುಪು ಕದಲಿದರೆ ಗೆರೆ ಮುರಿಯುತ್ತದೆ. ಕಾರ್ಖಾನೆಯದಕ್ಕಿಂತ ಎರಡು ಮೆಟ್ಟಿಲು ತಣ್ಣನೆಯ ಹೊಸ ಪ್ಲಗ್ಗು ಹಾಕಿ, ಹತ್ತಿರದ ಸುನೋಲ್ ಏರುದಾರಿಗೆ ಒಯ್ದೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹತ್ತಿಸಿ, ಒಂದೇ ಕ್ಷಣದಲ್ಲಿ ಕ್ಲಚ್ ತುಳಿದು ಎಂಜಿನ್ ಆರಿಸಿ, ಉರುಳುತ್ತ ಅಂಚಿಗೆ ನಿಲ್ಲಿಸಿದೆ. ಹೀಗೆ ಮಾಡಿದರೆ ಮಾತ್ರ ಏರಿನ ಗುರುತು ಪ್ಲಗ್ಗಿನ ಮೇಲೆ ಉಳಿಯುತ್ತದೆ. ನಿಧಾನವಾಗಿ ಓಡಿಸಿಕೊಂಡು ಬಂದರೆ ಅಳಿಸಿಹೋಗುತ್ತದೆ. ಅಲ್ಲೇ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಚುಕ್ಕೆಗಳಿಲ್ಲ. ಬಣ್ಣ ಮಾತ್ರ ಸ್ವಲ್ಪ ಕಪ್ಪಿನ ಕಡೆಗೆ ವಾಲಿತ್ತು. ಶಾಪಿನ ಯಜಮಾನ, "ತಣ್ಣಗಿದ್ದಷ್ಟೂ ಕ್ಷೇಮ, ಕಳಿಸಿಬಿಡು," ಎಂದ. ಅವನಿಗೆ ಆ ಕಾರು ಅಂಗಳದಿಂದ ಹೊರಟರೆ ಸಾಕಿತ್ತು.

ಅದು ಕ್ಷೇಮವಾಗಲಿಲ್ಲ. ಒಂದು ಬೆಳಿಗ್ಗೆ ಆಕೆಯ ಫೋನು ಬಂತು. ಲಾಸ್ ಗ್ಯಾಟೋಸಿನಲ್ಲಿ, ಹದಿನೇಳಕ್ಕೆ ಏರುವ ಮೊದಲೇ, ಕಾರು ಮುಗ್ಗರಿಸಿ ನಿಂತಿತ್ತು. ಹೋಗಿ ಪ್ಲಗ್ಗು ಬಿಚ್ಚಿದೆ. ನಾಲ್ಕೂ ಬಾಣಲೆಯ ತಳದಂತೆ ಮಸಿ ಕಟ್ಟಿದ್ದವು.

"ಬೆಳಿಗ್ಗೆ ಗಾಡಿ ಯಾರ್ ಸ್ಟಾರ್ಟ್ ಮಾಡ್ತಾರ್ರೀ, ಅಕ್ಕಾರ?"

"ಇವರೇ. ಎಂಜಿನ್ ಬೆಚ್ಚಗಾಗ್ಲಿ ಅಂತ ಸ್ಟಾರ್ಟ್ ಮಾಡಿಟ್ಟು ಸಂಧ್ಯಾವಂದನೆಗೆ ಕೂತ್ಕೋತಾರೆ. ಗಾಯತ್ರಿ ಮುಗಿಯೋವರೆಗೂ ಓಡ್ತಾನೇ ಇರತ್ತೆ."

"ಎಷ್ಟ್ ಗಾಯತ್ರಿ?"

"ನೂರೆಂಟು."

ತಣ್ಣನೆಯ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಸುರಿಯುತ್ತದೆ. ನಿಂತಲ್ಲೇ ಓಡಿದರೆ ಪ್ಲಗ್ಗು ಕಾಯುವುದೇ ಇಲ್ಲ. ಅಷ್ಟು ತಣ್ಣನೆಯ ಪ್ಲಗ್ಗಿಗೆ ನೂರೆಂಟು ಗಾಯತ್ರಿ ತಡೆಯುವ ಶಕ್ತಿಯಿರಲಿಲ್ಲ. ಆಕೆ ಒಂದು ಪ್ಲಗ್ಗನ್ನು ಕೇಳಿ ಪಡೆದರು. ನಾನು ಗಮನಿಸಿದೆ: ಮೂತಿಯನ್ನು ಮುಟ್ಟದೆ, ನಟ್ಟಿನ ಭಾಗವನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಯಾರೂ ಹೇಳಿಕೊಟ್ಟಿರಲಿಲ್ಲ.

"ಇದನ್ನ ನೋಡಿ ಏನೇನು ಗೊತ್ತಾಗತ್ತೆ ನಿಮಗೆ?"

ಹೇಳಿದೆ. ಕುಂಕುಮದ ಪ್ಲಗ್ಗುಗಳ ವಿಷಯವನ್ನೂ ಹೇಳಬೇಕಾಯಿತು. ಪೂಜೆಗೆ ಇಟ್ಟದ್ದು ಆಕೆಗೆ ಗೊತ್ತಿತ್ತು, ಅದರಿಂದ ಏನು ಅಳಿಸಿಹೋಯಿತೆಂಬುದು ಗೊತ್ತಿರಲಿಲ್ಲ.

"ನನ್ನ ಲ್ಯಾಬಿಗೆ ಯಾರಾದ್ರೂ ಬಯಾಪ್ಸಿ ಸ್ಯಾಂಪಲ್ಲನ್ನ ಸೋಪು ಹಾಕಿ ತೊಳೆದು ತಂದ್ರೆ, ಅವರನ್ನ ಆಚೆ ಹಾಕ್ತೀನಿ," ಎಂದರು. "ಇವರನ್ನ ಹಾಕಕ್ಕಾಗಲ್ಲ, ಮನೆ ಇಬ್ಬರ ಹೆಸರಲ್ಲಿದೆ."

ಸಂಜೆ ಮಾಲೀಕರು ಶಾಪಿಗೆ ಬಂದರು. ಹೆಂಡತಿ ದಾರಿಯಲ್ಲಿ ನಿಂತ ಬಗ್ಗೆ ಒಂದು ಮಾತಿಲ್ಲ. ಹೊಸ ಯೋಜನೆ ತಂದಿದ್ದರು. "ವೀಕ್‌ಡೇಗೆ ಒಂದು ಸೆಟ್ಟು, ವೀಕೆಂಡಿಗೆ ಒಂದು ಸೆಟ್ಟು. ಶುಕ್ರವಾರ ಸಾಯಂಕಾಲ ಚೇಂಜ್ ಮಾಡ್ಕೊಂಡ್ರಾಯ್ತು. ಮಡಿಪಂಚೆ, ಮಾಮೂಲಿ ಪಂಚೆ ಇದ್ದ ಹಾಗೆ. ಏನಂತೀರಾ?"

"ಸೋಮವಾರ ಪಂಚೆ ಬದಲಸೂದು ಮರತ್ರ ನಿಮಗ ಏನೂ ಆಗೂದಿಲ್ರಿ. ಬೆಟ್ಟ ಹತ್ತಾವ್ರು ಅವ್ರು."

"ಅಯ್ಯೋ, ಎಲ್ಲಾದಕ್ಕೂ ಸೀರಿಯಸ್ಸು ನೀವು ಹುಬ್ಬಳ್ಳಿಯೋರು!"

ಆಗ ನಾನು ನಿರ್ಧರಿಸಿದೆ. ಬಾಯಿಮಾತಿನ ಮೇಲೆ, ಚಾರ್ಟಿನ ಮೇಲೆ, ಸುನೋಲಿನ ಒಂದು ಏರಿನ ಮೇಲೆ ನಾನು ಇನ್ನು ಪ್ಲಗ್ಗು ಆರಿಸುವುದಿಲ್ಲ. ಕಾರ್ಖಾನೆಯದಕ್ಕಿಂತ ಒಂದೇ ಮೆಟ್ಟಿಲು ತಣ್ಣನೆಯದನ್ನು ಹಾಕುತ್ತೇನೆ. ಅದನ್ನು ಹದಿನೇಳನೇ ಹೆದ್ದಾರಿಯ ಮೇಲೇ, ಆಕೆಯೇ ಓಡಿಸುವಾಗ, ಆಕೆ ಓಡಿಸುವ ರೀತಿಯಲ್ಲೇ ಪರೀಕ್ಷಿಸುತ್ತೇನೆ. ಆ ಮೇಲೆಯೇ ಕಾರು ಅವರ ಕೈಗೆ. ಬೆಳಗಿನ ಜಪಕ್ಕೂ ಎಂಜಿನ್ನಿಗೂ ಸಂಬಂಧವಿರಕೂಡದು. ಹೀಗೆಂದು ಇಬ್ಬರಿಗೂ ಹೇಳಿದೆ. ಶನಿವಾರ ಪ್ಲಗ್ಗು ಹಾಕಿ, ಹತ್ತು ಪೌಂಡನ್ನು ಮತ್ತೆ ಅಳೆದು, ಹಳದಿ ಗೆರೆ ಕೂಡಿರುವುದನ್ನು ಮಾಲೀಕರಿಗೇ ತೋರಿಸಿ ಪರೀಕ್ಷೆ ಅವರ ಮನೆಯಿಂದಲೇ, ಬೆಳಗಿನ ತಣ್ಣನೆಯ ಎಂಜಿನ್ನಿನಿಂದ ಶುರುವಾಗಲೆಂದು ಕಾರನ್ನು ಒಂದು ರಾತ್ರಿಯ ಮಟ್ಟಿಗೆ ಮನೆಗೆ ಕಳಿಸಿದೆ.

ಭಾನುವಾರ ಬೆಳಿಗ್ಗೆ ಸರಟೋಗಾದ ಮನೆಯ ಮುಂದೆ ಬಾನೆಟ್ಟಿಗೆ ಕೈ ಹಾಕಿದಾಗ ಮಾಲೀಕರು, "ನೀವು ಬಿಟ್ಟ ಹಾಗೇ ಇದೆ, ಹತ್ತಿ ಹತ್ತಿ, ಟ್ರಾಫಿಕ್ ಶುರುವಾಗತ್ತೆ," ಎಂದು ತಾವೇ ಹಿಂದಿನ ಸೀಟಿಗೆ ಹತ್ತಿದರು. ನಾನು ಮುಂದೆ, ಆಕೆಯ ಪಕ್ಕ ಕುಳಿತೆ. ಡ್ಯಾಶ್‌ಬೋರ್ಡಿನ ಮೇಲೆ ಈತ ಶೋಕಿಗೆ ಕೂರಿಸಿದ್ದ ಬೂಸ್ಟ್ ಮೀಟರು ನನ್ನ ಕಣ್ಣೆದುರೇ ಇತ್ತು.

ಲಾಸ್ ಗ್ಯಾಟೋಸ್ ದಾಟಿ ಜಲಾಶಯದ ಪಕ್ಕದ ಏರುದಾರಿಯವರೆಗೂ ಆಕೆ ಹದವಾಗಿ ಓಡಿಸಿದರು. ಮುಳ್ಳು ಐದನ್ನು ಮೀರಲಿಲ್ಲ. ಮುಂದೆ ಮರಳು ತುಂಬಿದ ಒಂದು ಲಾರಿ ತೆವಳುತ್ತಿತ್ತು. ದಿನವೂ ಮಾಡುವಂತೆ ಆಕೆ ಎಡ ಲೇನಿಗೆ ಬಂದು, ಮೂರನೇ ಗೇರಿಗೆ ಇಳಿಸಿ, ಒತ್ತಿದರು. ಮುಳ್ಳು ಹತ್ತಕ್ಕೆ ಬಂತು. ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹನ್ನೆರಡು, ಹದಿಮೂರು. ಸಾಸಿವೆ ಸಿಡಿಯತೊಡಗಿತು.

"ಕಾಲ್ ತಗೀರಿ ಅಕ್ಕಾರ, ತಗೀರಿ!"

ಲಾರಿಯ ಮೈ ನನ್ನ ಕಿಟಕಿಗೆ ಸಮನಾಗಿತ್ತು. ಆಕೆಯ ಕಡೆ ಗೋಡೆ. ಹಿಂದೆ ಒಂದು ಕಾರು ಅಂಟಿಕೊಂಡು ಬರುತ್ತಿತ್ತು. ಆಕೆ ಕಾಲು ತೆಗೆಯುವುದಕ್ಕೂ ಒಳಗಿನಿಂದ ಗಟ್ಟಿಯಾಗಿ ಒಂದು ಪೆಟ್ಟು ಕೇಳುವುದಕ್ಕೂ ಅಂತರವಿರಲಿಲ್ಲ. ಎಂಜಿನ್ನಿನ ಬಲ ಹೋಯಿತು. ಹಿಂದಿನ ಗಾಜಿನ ತುಂಬ ನೀಲಿ ಹೊಗೆ. ಲಾರಿ ಹಾರ್ನ್ ಒತ್ತಿ ಮುಂದೆ ಹೋಯಿತು. ಹಿಂದಿನ ಕಾರು ಬ್ರೇಕಿನಲ್ಲಿ ಕಿರುಚಿತು. ಆಕೆ ಕ್ಲಚ್ ತುಳಿದು, ಸಿಗ್ನಲ್ ಹಾಕಿ, ಉಳಿದ ವೇಗದಲ್ಲೇ ಬಲಕ್ಕೆ ದಾಟಿ, ತಿರುವಿನಾಚೆ ಕಂಡ ಮಣ್ಣಿನ ತುಂಡಿನ ಮೇಲೆ ಕಾರನ್ನು ತಂದು ನಿಲ್ಲಿಸಿದರು. ನಿಂತ ಮೇಲೂ ಕೈ ಸ್ಟೀರಿಂಗನ್ನು ಬಿಟ್ಟಿರಲಿಲ್ಲ.

ನಾನು ಇಳಿದು ಮುಂದಕ್ಕೆ ಹೋದೆ. ಬಾನೆಟ್ಟಿನ ಕೊಂಡಿ ಮೊದಲ ಸಲಕ್ಕೆ ಸಿಗಲಿಲ್ಲ. ಅದಾಗಿ ಎಷ್ಟೋ ವರ್ಷವಾದರೂ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತದೆ.

ಬಾನೆಟ್ ತೆರೆದು ಮೊದಲು ನೋಡಿದ್ದು ಹಳದಿ ಗೆರೆ. ಎರಡು ತುಂಡಾಗಿತ್ತು. ತಿರುಪಿನ ಮೇಲಿನ ತುಂಡು ಒಂದು ಕಡೆ, ಮೈಮೇಲಿನ ತುಂಡು ಇನ್ನೊಂದು ಕಡೆ.

"ಇದು ಯಾರ್ ತಿರುಗಿಸಿದ್ದು?"

"ಸ್ವಲ್ಪ... ಒಂದರ್ಧ ಸುತ್ತು ಅಷ್ಟೇ," ಎಂದರು ಮಾಲೀಕರು. "ನಿನ್ನೆ ಸಾಯಂಕಾಲ ಹುಡುಗರೆಲ್ಲ ಬಂದಿದ್ರು. ಹತ್ತು ಪೌಂಡ್ ಅಂದ್ರೆ ನಗ್ತಾರೆ ಗುರುವೇ."

ಹುಡುಗರು ಎಂದರೆ ಹೃದಯದ ಡಾಕ್ಟರು, ರೇಡಾರಿನವರು. ಎಲ್ಲರಿಗೂ ನಲವತ್ತು ದಾಟಿತ್ತು. ಅವರು ನಗಬಾರದೆಂದು ಈತ ಸಂಜೆ ತಿರುಪು ತಿರುಗಿಸಿ, ಬೆಳಿಗ್ಗೆ ಅದೇ ಕಾರಿನ ಸ್ಟೀರಿಂಗನ್ನು ಹೆಂಡತಿಯ ಕೈಗೆ ಕೊಟ್ಟು, ಹಿಂದೆ ಕುಳಿತು ಕಿಟಕಿಯಿಂದ ಜಲಾಶಯ ನೋಡುತ್ತ ಬಂದಿದ್ದರು. ಇದಕ್ಕೆ ದುಷ್ಟತನ ಎನ್ನಬಹುದಿತ್ತು. ದುಷ್ಟತನಕ್ಕೆ ಬೇಕಾದಷ್ಟು ಯೋಚನೆಯೂ ಅದರಲ್ಲಿರಲಿಲ್ಲ.

ಎಂಜಿನ್ ಸುಡುತ್ತಿತ್ತು. ಬಟ್ಟೆ ಸುತ್ತಿಕೊಂಡು ಪ್ಲಗ್ಗುಗಳನ್ನು ಬಿಚ್ಚಿದೆ. ಎರಡು ಚೆನ್ನಾಗಿದ್ದವು. ಮೂರನೆಯದರ ಮೇಲೆ ಮೆಣಸಿನ ಪುಡಿಯಂಥ ಚುಕ್ಕೆಗಳು. ನಾಲ್ಕನೆಯದರ ಪಿಂಗಾಣಿಯ ತುದಿಯೇ ಒಡೆದುಹೋಗಿತ್ತು. ಉಳಿದ ಭಾಗದ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಗುಂಡುಗಳು ರವೆಯಂತೆ ಹರಡಿದ್ದವು. ಅದನ್ನು ಬಟ್ಟೆಯ ಮೇಲಿಟ್ಟೆ.

ಮಾಲೀಕರು ಬಗ್ಗಿ ಅದನ್ನು ಎತ್ತಿಕೊಂಡರು. ಜೇಬಿನಿಂದ ಕರವಸ್ತ್ರ ತೆಗೆದರು. "ಏನೋ ಗಲೀಜು ಕೂತಿದೆ," ಎನ್ನುತ್ತ ಒರೆಸಲು ಹೋದರು.

"ಮುಟ್ಬೇಡಿ!"

ಆಕೆ ಕಾರಿನಿಂದ ಇಳಿದದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಬಂದು, ಗಂಡನ ಕೈಯಿಂದ ಪ್ಲಗ್ಗನ್ನು ನಟ್ಟಿನ ಭಾಗದಲ್ಲಿ ಹಿಡಿದು ತೆಗೆದುಕೊಂಡರು. ಭೂತಗನ್ನಡಿ ಕೇಳಿದರು. ಕೊಟ್ಟೆ. ಪಕ್ಕದಲ್ಲಿ ಲಾರಿಗಳು ಗಾಳಿ ಎಬ್ಬಿಸಿ ಹೋಗುತ್ತಿದ್ದವು; ಆಕೆ ಕಣ್ಣಿಗೆ ಗಾಜು ಹಿಡಿದು, ತಲೆ ಎತ್ತದೆ ನಿಧಾನವಾಗಿ ಪ್ಲಗ್ಗನ್ನು ತಿರುಗಿಸಿದರು.

"ಇದು ಪಿಸ್ಟನ್ನಿನದಾ?"

"ಹೌದ್ರಿ."

"ಬೇರೆ ಪ್ಲಗ್ಗು ಹಾಕಿದ್ದಿದ್ರೆ ಇದು ಆಗ್ತಿರ್ಲಿಲ್ವಾ?"

"ಇದ ಹೊಸಾದ್ರಿ, ನಿನ್ನೆ ಹಾಕಿದ್ದು. ಪ್ಲಗ್ಗು ಶಾಖ ಹುಟ್ಟಸೂದಿಲ್ಲ, ಸಾಗಸತದ. ಹುಟ್ಟಿಸಿದ್ದು ಆ ತಿರುಪು."

ಆಕೆ ಗಂಡನ ಕಡೆ ನೋಡಿದರು. ಬಯ್ಯಲಿಲ್ಲ. "ರೀ, ಕರ್ಚೀಫು ಕೊಡಿ," ಎಂದರು. ಆತ ಕೊಟ್ಟರು. ಪ್ಲಗ್ಗನ್ನು ಒರೆಸದೆ, ಮೂತಿಗೆ ತಾಗದಂತೆ ಅದರಲ್ಲಿ ಸಡಿಲವಾಗಿ ಸುತ್ತಿ, ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು. ಆಮೇಲೆ ನನ್ನನ್ನು ಕೇಳಿದರು: "ಆ ತಿರುಪು ಇಲ್ಲದೆ ಈ ಕಾರು ಓಡತ್ತಾ?"

"ಕಾರ್ಖಾನ್ಯಾಗಿಂದ ಹಂಗ ಬಂದದ್ರಿ."

"ಹಾಗಾದ್ರೆ ಕಿತ್ತಾಕಿ. ಈಗ್ಲೇ. ಇವರ ಎದುರಿಗೇ."

ಕೊಳವೆಯಿಂದ ಅದನ್ನು ಕಿತ್ತು ಆಕೆಯ ಕೈಗೆ ಕೊಟ್ಟೆ. ಕಾರು ಓಡುವ ಸ್ಥಿತಿಯಲ್ಲಿರಲಿಲ್ಲ. ಆದರೂ ಆ ಕೆಲಸ ಅಲ್ಲೇ ಆಗಬೇಕಿತ್ತು.

ಎಂಜಿನ್ ಬಿಚ್ಚಿದಾಗ ನಾಲ್ಕನೇ ಪಿಸ್ಟನ್ನಿನ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ಹೊಸ ಪಿಸ್ಟನ್ನು ಹಾಕಿ, ಏಳು ಪೌಂಡಿಗೆ ತಂದು, ಕಾರ್ಖಾನೆ ಹೇಳಿದ ಪ್ಲಗ್ಗನ್ನೇ ಕೂರಿಸಿದೆ. ಇಷ್ಟೆಲ್ಲ ಆದ ಮೇಲೆ ಸರಿಯಾದ ಉತ್ತರ ಕಾರಿನ ಕೈಪಿಡಿಯಲ್ಲಿ ಮೊದಲಿನಿಂದ ಅಚ್ಚಾಗಿದ್ದದ್ದೇ. ಕಾರಿನ ಬೀಗದ ಕೈ ಅಂದಿನಿಂದ ಆಕೆಯ ಬಳಿ. ಡ್ರೈವ್‌ವೇ ಸಭೆಯಲ್ಲಿ ಪಿಸ್ಟನ್ನು ಹೋದದ್ದಕ್ಕೆ ಕಾರಣ ಚರ್ಚೆಯಾಗಿ, ಪ್ಲಗ್ಗು ಕಳಪೆ ಮಾಲಾಗಿತ್ತೆಂದು ತೀರ್ಮಾನವಾಯಿತಂತೆ. ಮಾಲೀಕರು ಅದನ್ನು ನನಗೇ ಬಂದು ಹೇಳಿದರು, ನನ್ನನ್ನು ಕ್ಷಮಿಸಿದವರ ದನಿಯಲ್ಲಿ.

ಮರುವರ್ಷ ಆಯುಧ ಪೂಜೆಗೆ ನನ್ನನ್ನೂ ಕರೆದಿದ್ದರು. ಕರೆದದ್ದು ಆಕೆ. ಕಾರುಗಳೆಲ್ಲ ತೊಳೆದು ಸಾಲಾಗಿ ನಿಂತಿದ್ದವು, ಚಕ್ರದಡಿ ನಿಂಬೆಹಣ್ಣು. ಗಂಡಸರು ಆಗಲೇ ಬೇರೊಬ್ಬರ ಬಾನೆಟ್ಟಿನ ಸುತ್ತ ಸೇರಿದ್ದರು. ಒಳಗೆ ದೇವರ ಮುಂದೆ ಮಣೆಯ ಮೇಲೆ ಚಾಕು, ಕತ್ತರಿ, ಹೊಲಿಗೆ ಯಂತ್ರದ ಸೂಜಿ, ಆಕೆಯ ಹಳೆಯ ಮೈಕ್ರೋಸ್ಕೋಪು. ಅವುಗಳ ಪಕ್ಕದಲ್ಲಿ ಲ್ಯಾಬಿನಲ್ಲಿ ಅಂಗಾಂಶ ಇಡುವಂಥ ಒಂದು ಗಾಜಿನ ಶೀಶೆ. ಮುಚ್ಚಳ ಬಿಗಿದು ಮೇಣ ಹಚ್ಚಿತ್ತು. ಒಳಗೆ ಆ ನಾಲ್ಕನೇ ಪ್ಲಗ್ಗು, ಒಡೆದ ಪಿಂಗಾಣಿ, ರವೆಯಂಥ ಗುಂಡುಗಳು, ಯಾವುದೂ ಕದಲಿರಲಿಲ್ಲ.

ಆರತಿಗೆ ಮೊದಲು ಮಾಲೀಕರು ಕುಂಕುಮದ ಬಟ್ಟಲು ಹಿಡಿದು ಒಂದೊಂದಕ್ಕೂ ಬೊಟ್ಟಿಡುತ್ತ ಬಂದರು. ಶೀಶೆಯ ಮುಂದೆ ಕೈ ತಡೆಯಿತು. ಹೆಂಡತಿಯ ಮುಖ ನೋಡಿದರು.

"ಮುಚ್ಚಳದ ಮೇಲೆ ಇಡಿ," ಎಂದರು ಆಕೆ.